ಸಾಲದ ಪುಸ್ತಕ ಕಲಿಸಿದ ಆರೋಗ್ಯದ ಪಾಠ



ಈ ತಿಂಗಳ ಪಾಠವನ್ನು ಒಂದು ಲೆಕ್ಕದ ಪುಸ್ತಕದಿಂದ ಆರಂಭಿಸೋಣ. ಅರಸೀಕೆರೆ ಕಡೆಯ ಒಂದು ಹಳ್ಳಿಯಲ್ಲಿ 18 ಜನ ಸದಸ್ಯರಿರುವ ಸಂಘವೊಂದಿದೆ. ವರ್ಷದ ಕೊನೆಗೆ ಲೆಕ್ಕ ಪರಿಶೀಲನೆಗೆಂದು ನಾವು ಅಲ್ಲಿಗೆ ಹೋಗಿದ್ದೆವು. ಉಳಿತಾಯ ಸರಿಯಾಗಿತ್ತು, ಮರುಪಾವತಿ ಸರಿಯಾಗಿತ್ತು, ನಡಾವಳಿ ಪುಸ್ತಕದಲ್ಲಿ ಎಲ್ಲರ ಸಹಿಯೂ ಇತ್ತು. ಒಳ್ಳೆಯ ಸಂಘ ಎಂದು ಬರೆದು ಮೇಲೇಳಬೇಕು, ಅಷ್ಟರಲ್ಲಿ ಸಾಲದ ಪುಸ್ತಕದ ಒಂದು ಕಾಲಂ ಮೇಲೆ ಕಣ್ಣು ಬಿತ್ತು. "ಸಾಲದ ಉದ್ದೇಶ" ಎನ್ನುವ ಕಾಲಂ ಅದು. ಹಸು ಕೊಳ್ಳಲು, ಹೊಲಿಗೆ ಯಂತ್ರಕ್ಕೆ, ಮಗನ ಫೀಸಿಗೆ ಎಂದು ಕೆಲವಿದ್ದವು. ಉಳಿದ ಕಡೆ ಮೇಲಿಂದ ಕೆಳಗೆ ಒಂದೇ ಮಾತು: ಆಸ್ಪತ್ರೆ ಖರ್ಚು, ಆಸ್ಪತ್ರೆ ಖರ್ಚು, ಆಸ್ಪತ್ರೆ ಖರ್ಚು. "ಮನೆ ಖರ್ಚು" ಎಂದು ಬರೆದಿದ್ದ ಸಾಲಗಳನ್ನು ಕೇಳಿ ನೋಡಿದರೆ ಅವುಗಳಲ್ಲಿ ಹಲವು ಔಷಧಿ ಅಂಗಡಿಯ ಬಾಕಿ ತೀರಿಸಲು ತೆಗೆದದ್ದು.

ನಾವು ವಾರ ವಾರ ಹೊಟ್ಟೆ ಕಟ್ಟಿ ಉಳಿಸಿದ ಹಣ ಎಲ್ಲಿಗೆ ಹೋಗುತ್ತಿದೆ ಎಂದು ಆ ಕಾಲಂ ಹೇಳುತ್ತಿತ್ತು. ಹಸು ಆಗಬೇಕಾಗಿದ್ದ ಹಣ ಗ್ಲೂಕೋಸ್ ಬಾಟಲಿ ಆಗಿತ್ತು. ಅಷ್ಟು ವರ್ಷ ಆ ಪುಸ್ತಕವನ್ನು ನೋಡುತ್ತಾ ಬಂದಿದ್ದ ನಾವು ಬಡ್ಡಿ ಕೂಡಿಸಿದ್ದೆವೇ ಹೊರತು ಆ ಕಾಲಂ ಓದಿರಲಿಲ್ಲ. ಈ ತಪ್ಪನ್ನು ಮೊದಲು ಒಪ್ಪಿಕೊಂಡು ಪಾಠಕ್ಕೆ ಬರುತ್ತೇವೆ.

ಒಂದು ಘಟನೆ

ಅದೇ ಸಂಘದ ಒಬ್ಬ ಅಕ್ಕನ ವಿಷಯ. ಹೆಸರು ಬೇಡ. ವಯಸ್ಸು ಆಗ 46. ಬೆಳಗ್ಗೆ ಐದಕ್ಕೆ ಎದ್ದರೆ ರಾತ್ರಿ ಹತ್ತರವರೆಗೆ ದುಡಿಯುವ ಜೀವ. ಎರಡು ವರ್ಷದಿಂದ ಆಕೆಗೆ ತಲೆನೋವು, ಆಗಾಗ ತಲೆಸುತ್ತು. ಅಂಗಡಿಯಿಂದ ತಲೆನೋವಿನ ಮಾತ್ರೆ ತಂದು ನುಂಗುತ್ತಿದ್ದರು. ಊರಿನಲ್ಲಿ ನಾವು ತಪಾಸಣಾ ಶಿಬಿರ ಮಾಡಿದ ದಿನ ಆಕೆಯೇ ಎಲ್ಲರಿಗೂ ಟೀ ಹಂಚಿದರು, ಚಾಪೆ ಹಾಸಿದರು. "ಅಕ್ಕಾ, ನೀವೂ ಬಿ.ಪಿ. ನೋಡಿಸ್ಕೊಳ್ಳಿ" ಎಂದಾಗ, "ನನಗೇನಾಗಿದೆ ಸಿಸ್ಟರ್, ಕಲ್ಲು ಗುಂಡಿನಂಗೆ ಇದೀನಿ. ಮೊದಲು ನಮ್ಮತ್ತೆದು ನೋಡ್ರಿ" ಎಂದು ನಕ್ಕರು. ನಾವೂ ನಕ್ಕು ಸುಮ್ಮನಾದೆವು.

ಐದು ತಿಂಗಳ ನಂತರ ಒಂದು ಬೆಳಗಿನ ಜಾವ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಾಗ ಆಕೆ ಕುಸಿದು ಬಿದ್ದರು. ಬಲಗೈ, ಬಲಗಾಲು ಬಿದ್ದುಹೋಯಿತು, ಮಾತು ತೊದಲಿತು. ಲಕ್ವ. ಮನೆಯವರು ಮೊದಲು ದೃಷ್ಟಿ ತೆಗೆಸಿದರು, ಆಮೇಲೆ ಎಣ್ಣೆ ತಿಕ್ಕುವವರ ಹತ್ತಿರ ಕರೆದೊಯ್ದರು, ಆಸ್ಪತ್ರೆ ತಲುಪುವಾಗ ಮಧ್ಯಾಹ್ನ ಕಳೆದಿತ್ತು. ವೈದ್ಯರು ಹೇಳಿದ್ದು ಇಷ್ಟೇ: "ಇವರಿಗೆ ಬಹಳ ದಿನದಿಂದ ಬಿ.ಪಿ. ಇತ್ತು. ಮೊದಲೇ ಗೊತ್ತಾಗಿದ್ದಿದ್ದರೆ ದಿನಕ್ಕೊಂದು ಮಾತ್ರೆಯಲ್ಲಿ ತಡೀಬಹುದಾಗಿತ್ತು." ಸಂಘದಿಂದ 25,000 ರೂಪಾಯಿ ಸಾಲ, ಓಲೆ ಅಡವು, ಕರೆಯುವ ಎಮ್ಮೆ ಮಾರಾಟ. ಕಾಲೇಜಿಗೆ ಹೋಗುತ್ತಿದ್ದ ಮಗಳು ಒಂದು ವರ್ಷ ಮನೆಯಲ್ಲೇ ಕುಳಿತಳು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ನಮಗೆಲ್ಲ ಗೊತ್ತು. ಆದರೆ ಆರೋಗ್ಯದ ವಿಷಯದಲ್ಲಿ ನಾವೆಲ್ಲ ಮಾಡುತ್ತಿರುವುದು ಅದನ್ನೇ. ಬಾಗಿಲನ್ನು ಮೊದಲೇ ಹಾಕುವುದು ಹೇಗೆ? ಇದೇ ಈ ಪಾಠ.

ಆರೋಗ್ಯ ಎಂದರೇನು?

"ಜ್ವರ ಇಲ್ಲ, ನೋವಿಲ್ಲ, ಹಂಗಾಗಿ ನಾನು ಆರೋಗ್ಯವಾಗಿದೀನಿ" ಎಂದು ನಾವು ಹೇಳುತ್ತೇವೆ. 1948ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನ ಬೇರೆ ಮಾತು ಹೇಳುತ್ತದೆ. ಕಾಯಿಲೆ ಇಲ್ಲದಿರುವುದಷ್ಟೇ ಆರೋಗ್ಯವಲ್ಲ. ದೇಹ, ಮನಸ್ಸು ಮತ್ತು ಸಾಮಾಜಿಕ ಬದುಕು ಮೂರೂ ಚೆನ್ನಾಗಿರುವುದೇ ಆರೋಗ್ಯ ಎಂಬುದು ಅದರ ತಾತ್ಪರ್ಯ.

ನಮ್ಮ ಅಡಿಗೆಮನೆಯ ಭಾಷೆಯಲ್ಲಿ ಹೇಳುವುದಾದರೆ ಒಲೆಗೆ ಮೂರು ಗುಂಡು ಬೇಕು. ಒಂದು ಗುಂಡು ದೇಹ, ಇನ್ನೊಂದು ಮನಸ್ಸು, ಮತ್ತೊಂದು ಮನೆ ಮತ್ತು ಊರು. ಎರಡು ಗುಂಡು ಎಷ್ಟೇ ಗಟ್ಟಿಯಿದ್ದರೂ ಮೂರನೆಯದು ಜಾರಿದರೆ ಮಡಕೆ ಉರುಳುತ್ತದೆ. ಗಂಡ ಕುಡಿದು ಬಂದು ದಿನಾ ಜಗಳವಾಡುವ ಮನೆಯಲ್ಲಿ ಬರೀ ಟಾನಿಕ್ ಕುಡಿದರೆ ಹೆಂಗಸಿನ ನಿದ್ದೆ ಮರಳಿ ಬರುವುದಿಲ್ಲ. ಕುಡಿಯುವ ನೀರು ಕೆಟ್ಟಿದ್ದರೆ ಮಗುವಿಗೆ ಎಷ್ಟು ತಿನ್ನಿಸಿದರೂ ಮೈಗೆ ಹತ್ತುವುದಿಲ್ಲ. ಆದ್ದರಿಂದ ಮೂರನ್ನೂ ಒಟ್ಟಿಗೆ ನೋಡಬೇಕು. ಇದನ್ನೇ ಸಮಗ್ರ ಆರೋಗ್ಯ ಎನ್ನುತ್ತೇವೆ.

ಮೊದಲ ಗುಂಡು: ದೇಹ

ಸಭೆಯಲ್ಲಿ ಒಂದು ಚಟುವಟಿಕೆ ಮಾಡಿ. ಪ್ರತಿ ಸದಸ್ಯೆಯೂ ಹತ್ತು ಹುಣಸೆಬೀಜ ತೆಗೆದುಕೊಳ್ಳಲಿ. ನೆಲದ ಮೇಲೆ ತನ್ನ ಮನೆಯವರಿಗೆಲ್ಲ ಒಂದೊಂದು ತಟ್ಟೆ ಬರೆಯಲಿ. ನಿನ್ನೆ ಮನೆಯಲ್ಲಿದ್ದ ಹಾಲು, ಮೊಟ್ಟೆ, ಕಾಳು, ಸೊಪ್ಪು ಯಾರ ತಟ್ಟೆಗೆ ಎಷ್ಟು ಹೋಯಿತೋ ಅಷ್ಟು ಬೀಜ ಇಡಲಿ. ನಾವು ಈ ಆಟ ಆಡಿಸಿದ ಕಡೆಯಲ್ಲೆಲ್ಲ ಕೊನೆಗೆ ಒಂದು ಮೌನ ಬರುತ್ತದೆ. ಯಜಮಾನರ ತಟ್ಟೆ ತುಂಬಿರುತ್ತದೆ, ಮಗನದು ತುಂಬಿರುತ್ತದೆ, ತನ್ನ ತಟ್ಟೆಯಲ್ಲಿ ಒಂದು ಬೀಜ ಇದ್ದರೆ ಹೆಚ್ಚು. ಎಲ್ಲರೂ ಉಂಡ ಮೇಲೆ ತಳ ಹಿಡಿದ ಅನ್ನ, ಉಳಿದ ತಿಳಿಸಾರು ನಮ್ಮ ಪಾಲು. ಇದನ್ನು ನಾವು ತ್ಯಾಗ ಎಂದುಕೊಂಡಿದ್ದೇವೆ. ಇದು ತ್ಯಾಗವಲ್ಲ, ಮನೆಯ ಆಧಾರದ ಕಂಬಕ್ಕೆ ಗೆದ್ದಲು ಹತ್ತಲು ಬಿಟ್ಟಂತೆ.

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಹೆಂಗಸರಲ್ಲಿ ಇಡೀ ದೇಶದಲ್ಲಿ ಶೇಕಡ 57 ಮಂದಿಗೆ, ನಮ್ಮ ಕರ್ನಾಟಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಅಂದರೆ ಸಭೆಯಲ್ಲಿ ನಿಮ್ಮ ಎಡಕ್ಕೆ ಕುಳಿತವರು, ಇಲ್ಲವೇ ನೀವು. ಸುಸ್ತು, ಏದುಸಿರು, ತಲೆಸುತ್ತು, ಕೈಕಾಲು ಸೋಲು, ಇವನ್ನೆಲ್ಲ "ಹೆಂಗಸರಿಗೆ ಇದ್ದದ್ದೇ" ಎಂದು ಬಿಡಬೇಡಿ.

ಊಟಕ್ಕೆ ದುಬಾರಿ ಪುಡಿ, ಡಬ್ಬಿ ಬೇಡ. ನಮ್ಮ ಹೊಲದಲ್ಲೇ ಇದೆ:

- ರಾಗಿ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಇರುತ್ತದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ 10 ಮಿಲಿಗ್ರಾಂ ಇದ್ದರೆ ಹೆಚ್ಚು. ಮೊಳಕೆ ಕಟ್ಟಿ ಒಣಗಿಸಿ ಬೀಸಿದ ರಾಗಿ ಮಕ್ಕಳಿಗೂ ಮುದುಕರಿಗೂ ಒಳ್ಳೆಯದು. ಆದರೆ "ಶುಗರ್ ಇದ್ದವರು ಮುದ್ದೆ ಎಷ್ಟು ಬೇಕಾದರೂ ತಿನ್ನಬಹುದು" ಎಂಬುದು ತಪ್ಪು. ಮುದ್ದೆ ಚಿಕ್ಕದಿರಲಿ, ಜೊತೆಗೆ ಸೊಪ್ಪು, ಕಾಳು ಹೆಚ್ಚಿರಲಿ.
- ಸೊಪ್ಪು, ಕಾಳು: ನುಗ್ಗೆಸೊಪ್ಪು, ದಂಟು, ಮೆಂತ್ಯ, ಹೊಲದ ಬದುವಿನ ಅಣ್ಣೆಸೊಪ್ಪು. ಹುರುಳಿ, ಅಲಸಂದೆ, ಹೆಸರು, ಅವರೆ. ಬಸ್ಸಾರು ಮಾಡಿದಾಗ ಬಸಿದ ಕಟ್ಟನ್ನು ಚೆಲ್ಲಬೇಡಿ, ಪಲ್ಯವನ್ನು ಗಂಡಸರ ತಟ್ಟೆಗೇ ಖಾಲಿ ಮಾಡಬೇಡಿ.
- ನಿಂಬೆಹುಳಿ, ನೆಲ್ಲಿಕಾಯಿ: ಸೊಪ್ಪು, ಕಾಳಿನ ಕಬ್ಬಿಣಾಂಶ ಮೈಗೆ ಹಿಡಿಯಲು ಹುಳಿ ಹಣ್ಣು ಸಹಾಯ ಮಾಡುತ್ತದೆ. ಊಟದ ಜೊತೆಗೇ ಟೀ, ಕಾಫಿ ಕುಡಿದರೆ ಅದನ್ನು ತಡೆಯುತ್ತದೆ. ಊಟಕ್ಕೂ ಟೀಗೂ ಒಂದು ಗಂಟೆ ಅಂತರವಿರಲಿ.
- ಮೊಟ್ಟೆ, ಮೀನು, ಮಾಂಸ: ತಿನ್ನುವ ಮನೆಗಳಲ್ಲಿ ಹೆಂಗಸರೂ ತಿನ್ನಲಿ. ಸಾರು ನಮಗೆ, ತುಂಡು ಅವರಿಗೆ ಎಂಬ ಪದ್ಧತಿ ನಿಲ್ಲಲಿ.
- ಕಬ್ಬಿಣದ ಮಾತ್ರೆ: ಆಶಾ ಕಾರ್ಯಕರ್ತೆಯರು ಕೊಡುವ ಮಾತ್ರೆಯನ್ನು ಕಿಟಕಿಯಲ್ಲಿ ಇಡಬೇಡಿ. ಗರ್ಭಿಣಿಯರು ದಿನಕ್ಕೊಂದರಂತೆ 180 ದಿನ ನುಂಗಬೇಕು. ಮಲ ಕಪ್ಪಾದರೆ ಹೆದರಬೇಕಿಲ್ಲ.

ಇನ್ನು ಉಪ್ಪು ಮತ್ತು ಎಣ್ಣೆ. ಒಬ್ಬರಿಗೆ ದಿನಕ್ಕೆ 5 ಗ್ರಾಂ ಉಪ್ಪು, ಅಂದರೆ ಒಂದು ಸಣ್ಣ ಚಮಚ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾಲ್ಕು ಜನರ ಮನೆಗೆ ಲೆಕ್ಕ ಹಾಕಿದರೆ ತಿಂಗಳಿಗೆ 600 ಗ್ರಾಂ. ನಿಮ್ಮ ಮನೆಗೆ ತಿಂಗಳಿಗೆ ಎಷ್ಟು ಪೊಟ್ಟಣ ಉಪ್ಪು ಬರುತ್ತದೆ ನೋಡಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಅಂಗಡಿಯ ಕುರುಕಲು ತಿಂಡಿಯಲ್ಲಿರುವ ಉಪ್ಪು ಈ ಲೆಕ್ಕದ ಒಳಗೇ ಬರಬೇಕು. ಎಣ್ಣೆ ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್ ಸಾಕು. ಬೋಂಡ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ.

"ದಿನವಿಡೀ ದುಡೀತೀವಲ್ಲ ಸಿಸ್ಟರ್, ವ್ಯಾಯಾಮ ಬೇರೆ ಯಾಕೆ?" ಎಂದು ಕೇಳುವವರಿದ್ದಾರೆ. ಕಳೆ ಕೀಳುವವರಿಗೆ, ನೀರು ಹೊರುವವರಿಗೆ ವ್ಯಾಯಾಮಕ್ಕಿಂತ ವಿಶ್ರಾಂತಿ ಬೇಕು. ಮಧ್ಯಾಹ್ನ ಅರ್ಧ ಗಂಟೆ ಬೆನ್ನು ನೆಲಕ್ಕೆ ತಾಗಿಸುವುದು ಸೋಮಾರಿತನವಲ್ಲ. ಆದರೆ ಹೊಲಿಗೆ ಯಂತ್ರದ ಮುಂದೆ, ಗಾರ್ಮೆಂಟ್ಸ್‌ನಲ್ಲಿ, ಬೀಡಿ ಮೊರದ ಮುಂದೆ ಕುಳಿತೇ ದುಡಿಯುವವರ ಕೈ ಮಾತ್ರ ದುಡಿಯುತ್ತದೆ, ಮೈ ಕುಳಿತಿರುತ್ತದೆ. ಅಂಥವರು ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಬೇಕು. ಇಬ್ಬರು ಮೂವರು ಸೇರಿ ಹೋದರೆ ಯಾರೂ ಆಡಿಕೊಳ್ಳುವುದಿಲ್ಲ.

ನಮಗೆ ಗೊತ್ತಿರಬೇಕಾದ ಸಂಖ್ಯೆಗಳು

ನಮ್ಮ ಉಳಿತಾಯ ಎಷ್ಟು, ಸಾಲದ ಬಾಕಿ ಎಷ್ಟು ಎಂದು ಕೇಳಿದರೆ ನಿದ್ದೆಯಲ್ಲೂ ಹೇಳುತ್ತೇವೆ. ನಮ್ಮ ರಕ್ತದ ಸಂಖ್ಯೆ ಕೇಳಿದರೆ ಗೊತ್ತಿಲ್ಲ. ಇವನ್ನು ಪಾಸ್‌ಬುಕ್ಕಿನ ಹಿಂದಿನ ರಟ್ಟಿನಲ್ಲಿ ಬರೆದುಕೊಳ್ಳಿ:

- ಹಿಮೋಗ್ಲೋಬಿನ್: ಹೆಂಗಸರಿಗೆ 12, ಗರ್ಭಿಣಿಯರಿಗೆ 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ.
- ಬಿ.ಪಿ.: ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಮೇಲಿದ್ದರೆ ರಕ್ತದೊತ್ತಡ ಇದೆ ಎಂದರ್ಥ.
- ಸಕ್ಕರೆ: ಬರಿಹೊಟ್ಟೆಯಲ್ಲಿ 126 ಅಥವಾ ಹೆಚ್ಚು ಬಂದರೆ ಮತ್ತೊಮ್ಮೆ ಪರೀಕ್ಷಿಸಿ ವೈದ್ಯರನ್ನು ಕಾಣಬೇಕು.
- ಸೊಂಟದ ಸುತ್ತಳತೆ: ಹೆಂಗಸರಿಗೆ 80 ಸೆಂಟಿಮೀಟರ್ ಮೀರಿದರೆ ಎಚ್ಚರಿಕೆ. ಟೈಲರ್ ಅಕ್ಕನ ಟೇಪು ಸಾಕು.

ಬಿ.ಪಿ. ಮತ್ತು ಸಕ್ಕರೆ ಕಾಯಿಲೆ ಬಾಗಿಲು ತಟ್ಟಿ ಬರುವುದಿಲ್ಲ. ಎಷ್ಟೋ ಜನರಿಗೆ ಯಾವ ಲಕ್ಷಣವೂ ಕಾಣುವುದಿಲ್ಲ. ಹಾಗಾಗಿ "ಏನೂ ಆಗಿಲ್ಲ" ಎನ್ನುವವರೇ ಮೊದಲು ನೋಡಿಸಿಕೊಳ್ಳಬೇಕು. 30 ವರ್ಷ ದಾಟಿದ ಎಲ್ಲರಿಗೂ ಈ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. 2023ರಿಂದ ಈ ಕೇಂದ್ರಗಳಿಗೆ ಆಯುಷ್ಮಾನ್ ಆರೋಗ್ಯ ಮಂದಿರ ಎಂಬ ಹೆಸರಿಟ್ಟಿದ್ದಾರೆ. ಬೋರ್ಡು ಬದಲಾಗಿದೆ ಎಂದು ಹಿಂದಿರುಗಬೇಡಿ.

ಇನ್ನೊಂದು ಮಾತು ನಾಚಿಕೆ ಬಿಟ್ಟು ಹೇಳಬೇಕು. ಸ್ತನದಲ್ಲಿ ಗಂಟು, ಮುಟ್ಟು ನಿಂತ ಮೇಲೂ ರಕ್ತಸ್ರಾವ, ವಾಸನೆಯ ಬಿಳಿಸೆರಗು, ಗರ್ಭಕೋಶ ಜಾರಿದ ಅನುಭವ, ಬಾಯಲ್ಲಿ ಮಾಯದ ಹುಣ್ಣು, ಇವನ್ನು ಗಂಡನಿಗೂ ಹೇಳದೆ ವರ್ಷಗಟ್ಟಲೆ ಮುಚ್ಚಿಟ್ಟವರನ್ನು ನಾವು ಕಂಡಿದ್ದೇವೆ. ಮುಚ್ಚಿಟ್ಟಷ್ಟು ದಿನ ಕಾಯಿಲೆ ಬೆಳೆಯುತ್ತದೆ. ಗರ್ಭಕೋಶದ ಕೊರಳಿನ ಕ್ಯಾನ್ಸರನ್ನು ಬರುವ ಮುಂಚಿನ ಹಂತದಲ್ಲೇ ಕಂಡುಹಿಡಿದು ತಡೆಯಬಹುದು. ಹೆಣ್ಣುಮಕ್ಕಳಿಗೆ 9ರಿಂದ 14 ವರ್ಷದೊಳಗೆ ಹಾಕಿಸುವ ಎಚ್.ಪಿ.ವಿ. ಲಸಿಕೆಯ ಬಗ್ಗೆಯೂ ವೈದ್ಯರಲ್ಲಿ ವಿಚಾರಿಸಿ.

ಎಲೆಅಡಿಕೆಯ ಚೀಲ ಸೊಂಟದಲ್ಲಿ ಇಟ್ಟುಕೊಂಡವರಿಗೂ ಒಂದು ಮಾತು. ಹೊಗೆಸೊಪ್ಪು ಮಾತ್ರ ಕೆಟ್ಟದ್ದು, ಬರೀ ಅಡಿಕೆ ಪರವಾಗಿಲ್ಲ ಎಂದುಕೊಳ್ಳಬೇಡಿ. ಹೊಗೆಸೊಪ್ಪಿಲ್ಲದ ಎಲೆಅಡಿಕೆಯೂ ಬಾಯಿ ಕ್ಯಾನ್ಸರಿಗೆ ಕಾರಣ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿಯೇ ಹೇಳಿದೆ. ಮದುವೆ ಮನೆಯ ತಾಂಬೂಲ ಗೌರವಕ್ಕೆ ಸ್ವೀಕರಿಸೋಣ, ದಿನವಿಡೀ ದವಡೆಯಲ್ಲಿ ಇಟ್ಟುಕೊಳ್ಳುವುದು ಬೇಡ.

ಎರಡನೆಯ ಗುಂಡು: ಮನಸ್ಸು

ಕಾಲು ಮುರಿದರೆ ಊರೆಲ್ಲ ನೋಡಲು ಬರುತ್ತಾರೆ. ಮನಸ್ಸು ಮುರಿದರೆ ಯಾರಿಗೂ ಕಾಣುವುದಿಲ್ಲ. ಸಭೆಗೆ ಬಂದು ಗೋಡೆಗೆ ಒರಗಿ ಸುಮ್ಮನೆ ಕೂರುವ ಸದಸ್ಯೆಯನ್ನು ನಾವು "ಅವಳು ಹಂಗೇ" ಎಂದು ಬಿಟ್ಟಿರುತ್ತೇವೆ. ಎರಡು ವಾರಕ್ಕೂ ಹೆಚ್ಚು ಕಾಲ ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, "ನಾನಿದ್ದು ಏನು ಪ್ರಯೋಜನ" ಎನ್ನುವ ಮಾತು, ಇವು ಸೋಮಾರಿತನವೂ ಅಲ್ಲ, ಗಾಳಿ ಸೋಕಿದ್ದೂ ಅಲ್ಲ. ಇದು ಕಾಯಿಲೆ, ಇದಕ್ಕೆ ಚಿಕಿತ್ಸೆ ಇದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಮಹಿಳಾ ಸಹಾಯವಾಣಿ 181 ಇದೆ.

ಆದರೆ ಫೋನಿಗಿಂತ ಮುಂಚೆ ಪಕ್ಕದಲ್ಲಿ ಕುಳಿತ ಸದಸ್ಯೆ ಇದ್ದಾಳೆ. ಸಂಘ ಕಟ್ಟಿದ್ದು ಬರೀ ದುಡ್ಡಿಗಾಗಿ ಅಲ್ಲ. "ಯಾಕಕ್ಕಾ, ಮುಖ ಬಾಡಿದೆ?" ಎಂದು ಕೇಳಿ. ಆಕೆ ಹೇಳುವಾಗ ಉಪದೇಶ ಮಾಡಬೇಡಿ, ಪೂರ್ತಿ ಕೇಳಿ. ಕೇಳಿದ್ದನ್ನು ಬಾವಿಕಟ್ಟೆಗೆ ಒಯ್ಯಬೇಡಿ. ಸಂಘದಲ್ಲಿ ಆಡಿದ ಮಾತು ಸಂಘದಲ್ಲೇ ಉಳಿಯುತ್ತದೆ ಎಂಬ ನಂಬಿಕೆ ಹುಟ್ಟಿದ ದಿನ ಅರ್ಧ ಭಾರ ಇಳಿದಂತೆ.

ಮೂರನೆಯ ಗುಂಡು: ಮನೆ ಮತ್ತು ಊರು

ಕಟ್ಟಿಗೆ ಒಲೆಯ ಹೊಗೆ ಕಣ್ಣಲ್ಲಿ ನೀರು ತರಿಸುವುದಷ್ಟೇ ಅಲ್ಲ, ಶ್ವಾಸಕೋಶವನ್ನೂ ಹಾಳು ಮಾಡುತ್ತದೆ. ಗ್ಯಾಸ್ ಇದ್ದೂ ಉಳಿತಾಯವೆಂದು ಕಟ್ಟಿಗೆಯಲ್ಲೇ ಅಡಿಗೆ ಮಾಡುವವರು ಕೆಮ್ಮಿನ ಔಷಧಿಯ ಲೆಕ್ಕವನ್ನೂ ಸೇರಿಸಿ ನೋಡಲಿ. ಕಟ್ಟಿಗೆಯೇ ಗತಿ ಎನ್ನುವವರು ಕೊಳವೆ ಇರುವ ಒಲೆ ಹಾಕಿಸಿಕೊಳ್ಳಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ ನಮ್ಮ ಹಳ್ಳಿಗಳಿಗೆ ಹೊಸದೇನಲ್ಲ. ಕಿಟಕಿ ತೆರೆದಿಡಿ, ಕೂಸನ್ನು ಒಲೆಯ ಪಕ್ಕ ಮಲಗಿಸಬೇಡಿ.

ಕುಡಿಯುವ ನೀರು ಕುದಿಸಿ ಆರಿಸಿ, ಮುಚ್ಚಿಡಿ, ಉದ್ದ ಹಿಡಿಯ ಸೌಟಿನಲ್ಲಿ ತೆಗೆಯಿರಿ. ಶೌಚಾಲಯಕ್ಕೆ ಹೋಗಿ ಬಂದಾಗ, ಅಡಿಗೆಗೆ ಕೈ ಹಾಕುವ ಮುಂಚೆ, ಮಗುವಿಗೆ ತಿನ್ನಿಸುವ ಮುಂಚೆ ಸೋಪಿನಿಂದ ಕೈ ತೊಳೆಯಿರಿ. ಮಕ್ಕಳಿಗೆ ಭೇದಿಯಾದರೆ ಓ.ಆರ್.ಎಸ್. ಕೊಡಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಕೊಡುತ್ತಾ ಆಸ್ಪತ್ರೆಗೆ ಹೊರಡಿ. ವಾರಕ್ಕೊಮ್ಮೆ ನೀರಿನ ತೊಟ್ಟಿ, ಡ್ರಮ್ಮು ಖಾಲಿ ಮಾಡಿ ತಿಕ್ಕಿ ಒಣಗಿಸಿದರೆ ಡೆಂಗಿ ಸೊಳ್ಳೆ ಹುಟ್ಟುವುದಿಲ್ಲ. ಇದರಲ್ಲಿ ಒಂದು ಮನೆ ಮಾಡಿ ಹತ್ತು ಮನೆ ಬಿಟ್ಟರೆ ಪ್ರಯೋಜನವಿಲ್ಲ. ಊರಿನ ಚರಂಡಿ, ನೀರಿನ ಟ್ಯಾಂಕು ಗ್ರಾಮಸಭೆಯಲ್ಲಿ ಕೇಳಬೇಕಾದ ವಿಷಯ. ಹತ್ತು ಹೆಂಗಸರು ಎದ್ದು ನಿಂತು ಕೇಳಿದರೆ ಪಂಚಾಯಿತಿ ಕಿವಿ ಕೊಡಲೇಬೇಕು.

ಇದು ನಮ್ಮಿಂದ ಆಗುತ್ತದೆಯೇ?

"ಓದು ಬರಹ ಬಾರದ ನಾವೇನು ಮಾಡೋಕಾಗುತ್ತೆ?" ಎಂದು ಕೇಳಬಹುದು. ಪಕ್ಕದ ಮಹಾರಾಷ್ಟ್ರದಲ್ಲಿ ಜಾಮಖೇಡ್ ಎಂಬ ಬರಪೀಡಿತ ತಾಲ್ಲೂಕು ಇದೆ. 1970ರಲ್ಲಿ ಡಾ. ರಜನಿಕಾಂತ ಆರೋಳೆ ಮತ್ತು ಡಾ. ಮೇಬಲ್ ಆರೋಳೆ ಎಂಬ ವೈದ್ಯ ದಂಪತಿ ಅಲ್ಲಿ ಕೆಲಸ ಆರಂಭಿಸಿದರು. ಬರುವ ರೋಗಿಗಳಿಗೆ ಔಷಧಿ ಕೊಡುತ್ತಾ ಕುಳಿತರೆ ಕಾಯಿಲೆ ಮುಗಿಯುವುದಿಲ್ಲ ಎಂದು ಅವರು ಅರಿತಿದ್ದರು. ಪ್ರತಿ ಹಳ್ಳಿಯಿಂದ ಒಬ್ಬ ಹೆಂಗಸನ್ನು ಊರವರೇ ಆರಿಸಿ ಕಳಿಸಿದರು. ಅವರಲ್ಲಿ ಅನೇಕರಿಗೆ ಅಕ್ಷರ ಬರುತ್ತಿರಲಿಲ್ಲ. ಆ ಹೆಂಗಸರೇ ಶುದ್ಧ ನೀರು, ಮಗುವಿನ ತೂಕ, ಬಾಣಂತಿಯ ಆರೈಕೆ, ಕುಷ್ಠರೋಗದ ಮೊದಲ ಮಚ್ಚೆ ಗುರುತಿಸುವುದು ಎಲ್ಲವನ್ನೂ ಕಲಿತು ತಮ್ಮ ಊರಿನಲ್ಲಿ ಕಲಿಸಿದರು. 1979ರಲ್ಲಿ ಆ ದಂಪತಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಕ್ಷರ ಬಾರದ ಅಕ್ಕಂದಿರು ಮಾಡಿ ತೋರಿಸಿದ್ದನ್ನು ಪುಸ್ತಕ ಬರೆದು ಲೆಕ್ಕ ಇಡುವ ನಾವು ಮಾಡಲಾರೆವೇ?

ಸಂಘ ಮಾಡಬಹುದಾದ ಕೆಲಸ

ಉಳಿತಾಯದ ಗುಟ್ಟು ಏನು? ಒಂದೇ ಸಲ ಸಾವಿರ ಕಟ್ಟುವುದಲ್ಲ, ವಾರ ವಾರ ತಪ್ಪದೆ ಸ್ವಲ್ಪ ಸ್ವಲ್ಪ ಕಟ್ಟುವುದು. ಆರೋಗ್ಯವೂ ಹಾಗೆಯೇ. ಈ ಐದರಲ್ಲಿ ನಿಮಗೆ ಸಾಧ್ಯವಾದದ್ದನ್ನು ಆರಿಸಿಕೊಳ್ಳಿ.

1. ವಾರದ ಸಭೆಯ ಮೊದಲ 15 ನಿಮಿಷ ಆರೋಗ್ಯಕ್ಕೆ. ಹಣ ಎಣಿಸುವ ಮುಂಚೆ ಒಬ್ಬರನ್ನೊಬ್ಬರು ವಿಚಾರಿಸಿ.

2. ವಾರಕ್ಕೆ 10 ರೂಪಾಯಿ ಆರೋಗ್ಯ ನಿಧಿ. 18 ಜನರ ಸಂಘದಲ್ಲಿ ವರ್ಷಕ್ಕೆ 9,360 ರೂಪಾಯಿ ಆಗುತ್ತದೆ. ತುರ್ತು ಗಾಡಿ ಬಾಡಿಗೆಗೆ, ರಕ್ತ ಪರೀಕ್ಷೆಗೆ ಇದು ಸಾಕು. ಇದರಲ್ಲೇ ಸಂಘಕ್ಕೊಂದು ಬಿ.ಪಿ. ಯಂತ್ರ ಕೊಂಡುಕೊಳ್ಳಬಹುದು. ಬಳಸುವ ವಿಧಾನವನ್ನು ಆರೋಗ್ಯ ಕೇಂದ್ರದ ಸಿಬ್ಬಂದಿಯಿಂದ ಕಲಿಯಿರಿ.

3. ಆರು ತಿಂಗಳಿಗೊಮ್ಮೆ ಎಲ್ಲರೂ ಒಟ್ಟಿಗೆ ಆರೋಗ್ಯ ಕೇಂದ್ರಕ್ಕೆ. ಒಬ್ಬೊಬ್ಬರೇ ಹೋಗಲು ಸಂಕೋಚ, ಗುಂಪಾಗಿ ಹೋದರೆ ಧೈರ್ಯ.

4. ಪ್ರತಿ ಮನೆಗೊಂದು ನುಗ್ಗೆ ಗಿಡ, ಬಚ್ಚಲ ನೀರಿಗೆ ಸೊಪ್ಪಿನ ಮಡಿ.

5. ವಾರಕ್ಕೊಮ್ಮೆಯಾದರೂ ಮನೆಮಂದಿಯೆಲ್ಲ ಒಟ್ಟಿಗೆ ಕೂತು ಉಣ್ಣುವುದು. ಹೆಂಗಸಿನ ತಟ್ಟೆಯೂ ಆ ಸಾಲಿನಲ್ಲೇ ಇರಲಿ.

ಮುಂಜಾಗ್ರತೆ ಎಂದರೆ ಚಿಕಿತ್ಸೆ ಬೇಡ ಎಂದಲ್ಲ. ಬಿ.ಪಿ., ಸಕ್ಕರೆಗೆ ಮಾತ್ರೆ ನುಂಗುತ್ತಿರುವವರು "ಈಗ ಸರಿಹೋಯ್ತು" ಎಂದು ತಾವಾಗಿಯೇ ನಿಲ್ಲಿಸಬಾರದು. ಬಾಯಿ ಸೊಟ್ಟಗಾಗುವುದು, ಒಂದು ಕೈ ಎತ್ತಲಾಗದಿರುವುದು, ಮಾತು ತೊದಲುವುದು ಕಂಡರೆ ಅದು ಲಕ್ವದ ಲಕ್ಷಣ. ಕೂಡಲೇ 108ಕ್ಕೆ ಕರೆ ಮಾಡಿ. ರಕ್ತ ಹೆಪ್ಪುಗಟ್ಟಿದ್ದರಿಂದ ಆದ ಲಕ್ವಕ್ಕೆ ಅದನ್ನು ಕರಗಿಸುವ ಔಷಧಿಯನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ದೃಷ್ಟಿ ತೆಗೆಯುತ್ತಾ ಕೂತರೆ ಆ ಸಮಯ ಕಳೆದುಹೋಗುತ್ತದೆ. ಎದೆ ನೋವು, ಉಸಿರಾಟದ ತೊಂದರೆ, ಗರ್ಭಿಣಿಗೆ ರಕ್ತಸ್ರಾವ ಅಥವಾ ಫಿಟ್ಸ್ ಬಂದರೂ ಹೀಗೆಯೇ. ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆ ಚಿಕಿತ್ಸೆಯ ನೆರವು ಇದೆ. ಕಾರ್ಡು ಈಗಲೇ ಮಾಡಿಸಿಡಿ, ಆಸ್ಪತ್ರೆ ಬಾಗಿಲಲ್ಲಿ ನಿಂತು ಹುಡುಕಬೇಡಿ.

ಮತ್ತೆ ಆ ಅಕ್ಕ

ಆ ಅಕ್ಕ ಈಗ ಊರುಗೋಲು ಹಿಡಿದು ಸಭೆಗೆ ಬರುತ್ತಾರೆ. ಬಲಗೈ ಇನ್ನೂ ಪೂರ್ತಿ ಸ್ವಾಧೀನಕ್ಕೆ ಬಂದಿಲ್ಲ, ಸಹಿ ಹಾಕುತ್ತಿದ್ದವರು ಈಗ ಎಡಗೈ ಹೆಬ್ಬೆಟ್ಟು ಒತ್ತುತ್ತಾರೆ. ಮುದ್ದೆ ತೊಳಸಲು ಅವರ ಯಜಮಾನರು ಕಲಿತಿದ್ದಾರೆ. ಮಗಳು ಮತ್ತೆ ಕಾಲೇಜಿಗೆ ಹೋಗುತ್ತಿದ್ದಾಳೆ. ಹೋದ ಎಮ್ಮೆ ಹೋಯಿತು. ಸಭೆ ಶುರುವಾಗುವ ಮುಂಚೆ ಸಂಘದ ಬಿ.ಪಿ. ಯಂತ್ರದ ಪೆಟ್ಟಿಗೆಯನ್ನು ಪಕ್ಕದಲ್ಲಿಟ್ಟುಕೊಂಡು ಕೂರುವವರು ಅವರೇ. ಮಾತು ಇನ್ನೂ ಸ್ವಲ್ಪ ತೊದಲುತ್ತದೆ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು "ನನಗೇನಾಗಿದೆ ಅತ್ತೆ" ಎಂದು ತಪ್ಪಿಸಿಕೊಳ್ಳಲು ಹೋದಾಗ ಅವರು, "ನಾನೂ ಹಂಗೇ ಅಂದಿದ್ದೆ ಕಣವ್ವ. ಕೈ ಕೊಡು ಇತ್ತ" ಎಂದರು. ಅದಕ್ಕಿಂತ ದೊಡ್ಡ ಪಾಠ ನಾವು ಬರೆಯಲಾರೆವು.

ಕಳೆದ ಸಲ ಅದೇ ಸಂಘದ ಪುಸ್ತಕ ನೋಡಿದೆವು. ಆಸ್ಪತ್ರೆ ಖರ್ಚು ಎಂಬ ಸಾಲು ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲ. ಆದರೆ ನಡುನಡುವೆ ಹಸು, ಕುರಿ, ಕಾಲೇಜು ಫೀಸು ಎಂಬ ಮಾತುಗಳು ಹೆಚ್ಚಿವೆ. ನಿಮ್ಮ ಸಂಘದ ಪುಸ್ತಕವನ್ನೂ ಈ ವಾರ ತೆರೆದು ಆ ಕಾಲಂ ಓದಿ.

ಸಭೆಯಲ್ಲಿ ಚರ್ಚೆಗೆ

1. ಕಳೆದ ಒಂದು ವರ್ಷದಲ್ಲಿ ನಮ್ಮ ಸಂಘದಿಂದ ಕಾಯಿಲೆಗಾಗಿ ಎಷ್ಟು ಸಾಲ ಹೋಗಿದೆ? ಅದರಲ್ಲಿ ಮೊದಲೇ ತಡೆಯಬಹುದಾಗಿದ್ದವು ಯಾವುವು?

2. ನಮ್ಮಲ್ಲಿ ಎಷ್ಟು ಜನ ಈ ವರ್ಷ ಬಿ.ಪಿ., ಸಕ್ಕರೆ, ರಕ್ತ ಪರೀಕ್ಷೆ ಮಾಡಿಸಿಕೊಂಡಿದ್ದೇವೆ? ಮಾಡಿಸದಿರಲು ಕಾರಣವೇನು: ಸಮಯವೇ, ಹಣವೇ, ಭಯವೇ, ನಾಚಿಕೆಯೇ?

3. ಹುಣಸೆಬೀಜದ ಆಟದಲ್ಲಿ ನಿಮ್ಮ ತಟ್ಟೆಯಲ್ಲಿ ಎಷ್ಟು ಬೀಜ ಉಳಿದವು? ಅದನ್ನು ಹೆಚ್ಚಿಸಲು ಮನೆಯಲ್ಲಿ ಯಾರ ಜೊತೆ ಮಾತನಾಡಬೇಕು?

4. ಕೆಲವು ವಾರಗಳಿಂದ ಸಭೆಗೆ ಬಾರದ ಸದಸ್ಯೆ ಯಾರು? ಆಕೆಯ ಮನೆಗೆ ಯಾರು, ಯಾವ ದಿನ ಹೋಗುತ್ತೀರಿ?

ನಿರ್ಧಾರವನ್ನು ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಮುಂದಿನ ಸಲ ನಾವು ಬಂದಾಗ ಉಳಿತಾಯಕ್ಕಿಂತ ಮೊದಲು ಅದನ್ನೇ ಕೇಳುತ್ತೇವೆ.